ಹಳೇ ಕಾಲದ ಹೂ, ಕೊಡಗಿನ ಮಳೆ: ಮನೆ ಮುಂದೆ ಯಾವುದನ್ನು ನೆಡೋದು?

"ಅಜ್ಜಿ ಮನೆ ಅಂಗಳದಲ್ಲಿ ಇದ್ದಂಥ ಹೂ ಬೇಕು. ಗುಲಾಬಿ ಇಡೋದಾ, ಡೇರೆ (ಡೇಲಿಯಾ) ಇಡೋದಾ, ಇಲ್ಲ ಬಂಗಲೆಗಳಲ್ಲಿ ಕಾಣುವ ಆ ನೀಲಿ ಹೈಡ್ರೇಂಜಿಯಾ ಸಾಕಾ?" ಹೀಗೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದವರು ಕೇಳುತ್ತಾರೆ. ಹಳೇ ಮನೆ ರಿಪೇರಿ ಮಾಡಿಸಿ ಹೋಂಸ್ಟೇ ತೆರೆದವರು ಕೇಳುತ್ತಾರೆ. ಸುಂಟಿಕೊಪ್ಪದಲ್ಲಿ ಐದು ಸೆಂಟ್ ಜಾಗದಲ್ಲಿ ಮನೆ ಕಟ್ಟಿಕೊಂಡವರೂ ಕೇಳುತ್ತಾರೆ. ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಯಾವ ಹೂ ಎಂದು ಕೇಳುವ ಮೊದಲು ಎಷ್ಟು ಮಳೆ ಎಂದು ಕೇಳಿಕೊಳ್ಳಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವುದು ಮಾಮೂಲು. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಪೂರ್ವಕ್ಕೆ ಇಳಿದು ಕುಶಾಲನಗರಕ್ಕೆ ಬಂದರೆ ಆ ಮಳೆಯ ಮೂರನೇ ಒಂದು ಪಾಲು ಸಿಕ್ಕರೆ ಹೆಚ್ಚು. ಹೆಸರಿಗೆ ಒಂದೇ ಜಿಲ್ಲೆ. ಗಿಡದ ಪಾಲಿಗೆ ಎರಡು ದೇಶ.

ಹಳೇ ಹೂ ಅನ್ನುವಾಗ ಎರಡು ವಿಷಯ ಕಲಸಿಹೋಗುತ್ತವೆ. ಅದನ್ನೂ ಮೊದಲೇ ಬಿಡಿಸಿಕೊಳ್ಳೋಣ. ಒಂದು, ತಳಿಯ ವಯಸ್ಸು. ಗುಲಾಬಿ ಬೆಳೆಯುವವರಿಗೆ ಇದಕ್ಕೊಂದು ಗೆರೆಯೇ ಇದೆ. 1867ರಲ್ಲಿ ಬಂದ 'ಲಾ ಫ್ರಾನ್ಸ್' ಮೊದಲ ಹೈಬ್ರಿಡ್ ಟೀ, ಅಂದರೆ ಹೊಸ ಕಾಲದ ಮಿಶ್ರತಳಿ ಗುಲಾಬಿ, ಎಂದು ಹೆಸರಾಯಿತು. ಆ ವರ್ಷಕ್ಕೂ ಮೊದಲು ಇದ್ದ ಗುಂಪುಗಳ ಗುಲಾಬಿಗಳೆಲ್ಲ ಹಳೇ ಗುಲಾಬಿಗಳು. ಇನ್ನೊಂದು, ಊರಿನಲ್ಲಿ ಕಳೆದ ವಯಸ್ಸು. ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಮೂರು ತಲೆಮಾರಿನಿಂದ ಅದೇ ಹಿತ್ತಲಲ್ಲಿ ಮೊಳೆಯುತ್ತಿರುವ ಡೇರೆ ಗೆಡ್ಡೆ ಈ ಲೆಕ್ಕಕ್ಕೆ ಹಳೇದು. ಮೊದಲನೆಯದು ಬೇಕಿದ್ದರೆ ಕ್ಯಾಟಲಾಗ್ ನೋಡಬೇಕು. ಎರಡನೆಯದು ಬೇಕಿದ್ದರೆ ನೆರೆಮನೆಗೆ ಹೋಗಬೇಕು. ನನ್ನ ಒಲವು ಎರಡನೆಯದರ ಕಡೆ. ಅದು ಇಲ್ಲಿನ ಮಳೆಯಲ್ಲಿ ಆಗಲೇ ಪಾಸಾಗಿದೆ.

ಹಳೇದು ಅಂದ ಮಾತ್ರಕ್ಕೆ ಸಾಧು ಅಂತಲೂ ಅಲ್ಲ. ಲಂಟಾನ ನಮ್ಮ ದೇಶಕ್ಕೆ ಬಂದದ್ದೇ ತೋಟದ ಚೆಂದಕ್ಕೆ, 1800ರ ದಶಕದ ಆರಂಭದಲ್ಲಿ, ಕಲ್ಕತ್ತಾದ ಸಸ್ಯೋದ್ಯಾನಕ್ಕೆ. ಇವತ್ತು ನಾಗರಹೊಳೆಯ ದಾರಿಯಲ್ಲಿ ಎರಡೂ ಬದಿ ನೋಡಿ, ಅದು ಏನು ಮಾಡಿದೆ ಗೊತ್ತಾಗುತ್ತದೆ. ಅಂಗಳದಿಂದ ಕಾಡಿಗೆ ತಾನೇ ನಡೆದು ಹೋಗುವ ಗಿಡ ಎಷ್ಟೇ ಹಳೇದಿರಲಿ, ಬೇಡ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದವು

ಮೊದಲ ಪ್ರಶ್ನೆ ಕಕ್ಕಡದ್ದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಬಿಸಿಲೇ ಕಾಣದ ಆ ತಿಂಗಳು, ನಿಮ್ಮ ಗಿಡ ಏನು ಮಾಡುತ್ತಿರುತ್ತದೆ? ಕೆಲವು ಗಿಡ ಆಗ ಹೂ ಬಿಡುತ್ತವೆ. ಕೆಲವು ಸುಮ್ನೆ ತಡೆದುಕೊಂಡು ನಿಲ್ಲುತ್ತವೆ. ಕೆಲವು ಕೊಳೆಯುತ್ತವೆ. ಮಡಿಕೇರಿಯ ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಿ ಆಸೆಪಟ್ಟು ಗಿಡ ತರುವವರು ಇದನ್ನು ಮರೆಯುತ್ತಾರೆ. ಅದು ನಡೆಯುವುದು ಒಣ ಹವೆಯಲ್ಲಿ. ಅಲ್ಲಿ ಕುಂಡದಲ್ಲಿ ನಗುವ ಹೂಗಳಲ್ಲಿ ಹೆಚ್ಚಿನವು ಒಂದೇ ಋತುವಿನವು. ಮಳೆಗಾಲದಲ್ಲಿ ಅವುಗಳ ಗತಿ ಏನು ಅಂತ ಆ ಪ್ರದರ್ಶನ ಹೇಳುವುದಿಲ್ಲ.

ಎರಡನೆಯದು ಬಿಸಿಲು. ಸಿಲ್ವರ್ ಓಕ್, ಹಲಸು, ಬಾಳೆಗಳ ನಡುವೆ ಇರುವ ತೋಟದ ಮನೆಗೆ ದಿನಕ್ಕೆ ಎರಡು ಮೂರು ಗಂಟೆ ನೇರ ಬಿಸಿಲು ಬಿದ್ದರೆ ಪುಣ್ಯ. ಗುಲಾಬಿಗೆ, ದುಂಡು ಮಲ್ಲಿಗೆಗೆ ಅದರ ಎರಡರಷ್ಟು ಬೇಕು.

ಮೂರನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನೋಡಿಕೊಳ್ಳುವವರು ಯಾರು, ಯಾವಾಗ? ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ತೋಟದಲ್ಲಿ ಒಬ್ಬ ಆಳನ್ನೂ ಹೂಗಿಡಕ್ಕೆ ಬಿಡುವ ಹಾಗಿಲ್ಲ. ಅದೇ ಹೊತ್ತಿನಲ್ಲಿ ನೀರು, ಗೊಬ್ಬರ, ಸವರುವಿಕೆ ಕೇಳುವ ಹೂ ತಂದರೆ ಕೆಲಸವೆಲ್ಲ ನಿಮ್ಮ ತಲೆ ಮೇಲೆ.

ಉಳಿದವು ಸಣ್ಣವು. ಹೂ ಯಾತಕ್ಕೆ, ಮುಡಿಯಲಿಕ್ಕೋ, ದೇವರಿಗೋ, ನೋಡಲಿಕ್ಕೋ? ಮನೆಯಲ್ಲಿ ಪುಟ್ಟ ಮಕ್ಕಳು, ನಾಯಿ, ಹಸು ಇವೆಯಾ? ಕೋತಿ, ಹಂದಿ ಬರುತ್ತವಾ? ಬಾಡಿಗೆ ಮನೆಯಾ, ಸ್ವಂತದ್ದಾ? ಗಿಡದ ಬೆಲೆ ಕೊನೆಯ ಪ್ರಶ್ನೆ. ಹಳೇ ಹೂಗಳಲ್ಲಿ ಅರ್ಧದಷ್ಟು ಬಿಟ್ಟಿ ಸಿಗುತ್ತವೆ. ದುಡ್ಡು ಹೋಗುವುದು ಕುಂಡಕ್ಕೆ, ಆಸರೆಗೆ, ಸೂರಿಗೆ, ಆಳಿಗೆ.

ಗುಲಾಬಿ: ಎಲ್ಲರಿಗೂ ಬೇಕು, ಕೆಲವರಿಗೆ ಮಾತ್ರ ಒಗ್ಗುತ್ತದೆ

1850ರ ದಶಕದಿಂದ ಕಾಫಿ ಪ್ಲಾಂಟರುಗಳ ಬಂಗಲೆಗಳು ಎದ್ದ ಹಾಗೆಲ್ಲ ಗುಲಾಬಿಯೂ ಬಂತು. ಹಾಗಾಗಿ ಕೊಡಗಿನ ಹಳೇ ತೋಟ ಅಂದ ಕೂಡಲೇ ಗುಲಾಬಿ ನೆನಪಾಗುವುದು ಸಹಜ. ಆದರೆ ಗುಲಾಬಿಗೆ ಇಲ್ಲಿ ದೊಡ್ಡ ಶತ್ರು ಕಪ್ಪುಚುಕ್ಕೆ ರೋಗ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಸಾಕು, ಶಿಲೀಂಧ್ರ ಮೊಳೆಯುತ್ತದೆ. ನಮ್ಮಲ್ಲಿ ಎಲೆ ತಿಂಗಳುಗಟ್ಟಲೆ ಒದ್ದೆ. ಆಗಸ್ಟ್ ಹೊತ್ತಿಗೆ ಗಿಡದಲ್ಲಿ ಉಳಿಯುವುದು ಮುಳ್ಳು ಮತ್ತು ಕಡ್ಡಿ.

ಹಾಗಂತ ಎಲ್ಲ ಗುಲಾಬಿಯೂ ಒಂದೇ ಅಲ್ಲ. 1843ರ 'ಸುವನೀರ್ ದ ಲಾ ಮಾಲ್ಮೇಸನ್' ಅನ್ನುವ, ಬೂರ್ಬಾನ್ ಎಂಬ ಹಳೇ ಗುಂಪಿನ ಗುಲಾಬಿಯ ಫೋಟೋ ನೋಡಿದರೆ ಮನಸ್ಸು ಸೋಲುತ್ತದೆ. ಮೆತ್ತನೆ ಗುಲಾಬಿ ಬಣ್ಣ, ಒತ್ತೊತ್ತು ಪಕಳೆ. ಆದರೆ ಆ ಒತ್ತು ಪಕಳೆಯೇ ಅದಕ್ಕೆ ಕುತ್ತು. ಮಳೆ ಬಿದ್ದರೆ ಹೊರಗಿನ ಪಕಳೆಗಳು ಅಂಟಿಕೊಂಡು, ಮೊಗ್ಗು ಅರಳದೆ ಕಂದು ಉಂಡೆಯಾಗಿ ಕೊಳೆಯುತ್ತದೆ. ಮಡಿಕೇರಿ, ನಾಪೋಕ್ಲು ಕಡೆಯವರು ಇದನ್ನು ಫೋಟೋದಲ್ಲೇ ನೋಡಿ ಖುಷಿಪಡುವುದು ವಾಸಿ. ಇದಕ್ಕೆ ಎದುರು 'ಓಲ್ಡ್ ಬ್ಲಶ್' ಇದೆ. ಚೀನಾದಿಂದ ಯೂರೋಪಿಗೆ ಹೋದ, ವರ್ಷವಿಡೀ ಹೂ ಬಿಡುವ ಹಳೇ ಚೀನಾ ಗುಲಾಬಿ. ಪಕಳೆ ಕಡಿಮೆ, ಸಡಿಲ. ಮಳೆ ನಿಂತ ಅರ್ಧ ದಿನದಲ್ಲಿ ಒಣಗಿ ಮತ್ತೆ ಅರಳುತ್ತದೆ. ಒಂದೊಂದು ಹೂ ನೋಡಿದರೆ ಸಾಧಾರಣ. ಗಿಡ ನೋಡಿದರೆ ಗಟ್ಟಿಗಿತ್ತಿ.

ನಾನು ಮೊದಲು ಹೇಳುವ ಹೆಸರು ಮಾತ್ರ ಎಡ್ವರ್ಡ್. ಪನ್ನೀರ್ ಗುಲಾಬಿ ಅಂತ ಮಾರುವುದು ಹೆಚ್ಚಾಗಿ ಇದನ್ನೇ. ರಿಯೂನಿಯನ್ ದ್ವೀಪದಲ್ಲಿ, ಆಗಿನ ಬೂರ್ಬಾನ್ ದ್ವೀಪದಲ್ಲಿ, ಚೀನಾ ಗುಲಾಬಿ ಮತ್ತು ಡಮಾಸ್ಕ್ ಗುಲಾಬಿಗಳ ಬೇಲಿಯ ನಡುವೆ ತಾನಾಗಿ ಹುಟ್ಟಿದ ತಳಿ ಇದು. 1800ರ ದಶಕದ ಆರಂಭದ ಮಾತು. ಆಳವಾದ ಗುಲಾಬಿ ಬಣ್ಣ, ನಿಜವಾದ ಗುಲಾಬಿ ಪರಿಮಳ. ನಮ್ಮ ದೇಶದಲ್ಲಿ ಇದನ್ನು ಕಸಿಯ ಬೇರುಗಿಡವಾಗಿಯೂ ಬಹಳ ಬಳಸಿದ್ದಾರೆ. ಹಾಗಾಗಿ ಒಂದು ತಮಾಷೆ ನಡೆಯುತ್ತದೆ. ಯಾರೋ ದುಬಾರಿ ಕಸಿ ಗುಲಾಬಿ ತಂದು ನೆಟ್ಟಿರುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮೇಲಿನ ಕಸಿ ಸಾಯುತ್ತದೆ. ಕೆಳಗಿನ ಬೇರುಗಿಡ ಚಿಗುರಿ ಪೊದೆಯಾಗುತ್ತದೆ. ಹಳೇ ಮನೆಗಳ ಮುಂದೆ "ಇದು ಅಜ್ಜ ನೆಟ್ಟ ಗುಲಾಬಿ" ಎಂದು ತೋರಿಸುವ ಗಿಡಗಳಲ್ಲಿ ಕೆಲವು ಅಜ್ಜ ನೆಟ್ಟದ್ದೇ ಹೌದು, ಆದರೆ ಅಜ್ಜ ಆರಿಸಿದ್ದಲ್ಲ! ಮಳೆಯೇ ಆರಿಸಿಕೊಟ್ಟ ಗುಲಾಬಿ ಅದು. ಅದರ ಪೆನ್ಸಿಲ್ ಗಾತ್ರದ ಕಡ್ಡಿ ಕೇಳಿ ತನ್ನಿ. ಕಸಿ ಬೇಡ, ಸ್ವಂತ ಬೇರಿನಲ್ಲೇ ಬೆಳೆಯಲಿ. ಆಗ ಬುಡದಿಂದ ಬರುವ ಚಿಗುರು ಯಾವುದು, ಗುಲಾಬಿ ಯಾವುದು ಎಂಬ ಗೊಂದಲವೇ ಇರುವುದಿಲ್ಲ.

ಕೆಲಸ ಎಷ್ಟು? ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಸವರಬೇಕು. ಸುಮಾರು ಒಂದೂವರೆ ತಿಂಗಳಿಗೆ ಹೂ. ಅಂದರೆ ಸರಿಯಾಗಿ ಕೊಯ್ಲಿನ ಹೊತ್ತಿಗೆ ನೀರು, ಗೊಬ್ಬರ ಎರಡೂ ಬೇಕು. ಕಪ್ಪುಚುಕ್ಕೆಗೆ ಮಳೆಗೂ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬಹುದು. ಕಾಫಿಗೋ ಮೆಣಸಿಗೋ ಹೇಗೂ ಮಾಡುತ್ತೀರಿ, ಅದೇ ಡ್ರಮ್ಮಿನಲ್ಲಿ ಉಳಿದದ್ದು ಸಾಕು. ಎಲೆ ಮೇಲೆ ನೀಲಿ ಕಲೆ ಕೂರುತ್ತದೆ, ನೋಡಲು ಚೆಂದ ಇರುವುದಿಲ್ಲ. ಉದುರಿದ ಎಲೆ ಗುಡಿಸಿ ತೆಗೆಯುವುದು ಅದಕ್ಕಿಂತ ಮುಖ್ಯ, ರೋಗ ಅಲ್ಲೇ ಕಾದು ಕೂತಿರುತ್ತದೆ.

ಕುಶಾಲನಗರ, ಶನಿವಾರಸಂತೆ, ತಿತಿಮತಿ ಕಡೆಯ ಬಯಲಿನ ಮನೆಗಳಿಗೆ ಗುಲಾಬಿ ಒಳ್ಳೆಯ ಆಯ್ಕೆ. ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಬಿಸಿಲು ಬೀಳುವ ಜಾಗವಿದ್ದರೆ ಸರಿ. ಅದಕ್ಕೂ ಪಶ್ಚಿಮಕ್ಕೆ ಎಡ್ವರ್ಡ್ ಒಂದು ಎರಡು ಗಿಡ ಸಾಕು, ಗುಲಾಬಿ ತೋಟದ ಕನಸು ಬೇಡ.

ಡೇರೆ: ಮಳೆಗಾಲದ್ದೇ ಹೂ

ಮಲೆನಾಡಿನ ಹೆಂಗಸರು ಡೇರೆಯನ್ನು ಬೆಳೆಸುವ ರೀತಿ ನೋಡಿದವರಿಗೆ ಇದು ಮೆಕ್ಸಿಕೋದ ಗಿಡ ಅಂದರೆ ನಂಬಿಕೆ ಬರುವುದಿಲ್ಲ. 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್ ತೋಟಕ್ಕೆ ಬಂತು. ಎರಡು ವರ್ಷದ ನಂತರ ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಡೇಲಿಯಾ ಎಂದು ಹೆಸರಿಟ್ಟರು. ಯೂರೋಪಿನಲ್ಲಿ ಮೊದಮೊದಲು ಗೆಡ್ಡೆಯನ್ನು ತಿನ್ನಲು ನೋಡಿದ್ದೂ ಉಂಟು. ಆಲೂಗಡ್ಡೆಗೆ ಸ್ಪರ್ಧೆ ಕೊಡಲು ಆಗಲಿಲ್ಲ, ನಮ್ಮ ಪುಣ್ಯ.

ಬಯಲುಸೀಮೆಯಲ್ಲಿ ಡೇರೆ ಚಳಿಗಾಲದ ಹೂ. ನಮ್ಮ ಕಡೆಯ ಹಳೇ ಕ್ರಮ ಬೇರೆ. ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದಾಗ ಗೆಡ್ಡೆಯಲ್ಲೂ ಕಣ್ಣು ಒಡೆಯುತ್ತದೆ. ಮೇ ತಿಂಗಳಲ್ಲಿ ನೆಟ್ಟರೆ ಜೋರು ಮಳೆಗೆ ಮುಂಚೆ ಬೇರು ಹಿಡಿಯುತ್ತದೆ. ಆಗಸ್ಟ್-ಸೆಪ್ಟೆಂಬರಿನಲ್ಲಿ, ಗೌರಿ ಗಣೇಶ ಹಬ್ಬದ ಹೊತ್ತಿಗೆ ಹೂ. ಹೊರಗೆ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿರುವಾಗ ಕೆಂಪು, ನೇರಳೆ, ಹಳದಿ ತಂದುಕೊಡುವ ಹೂ ಇದೊಂದೇ ಅನ್ನಬಹುದು. ಕೆಲಸವೂ ಕಾಫಿ ಕೊಯ್ಲಿಗೆ ಅಡ್ಡ ಬರುವುದಿಲ್ಲ. ಕೊಯ್ಲು ಜೋರಾಗುವಷ್ಟರಲ್ಲಿ ಗಿಡ ಒಣಗಿ ಮಲಗಿರುತ್ತದೆ.

ಮಳೆಗಾಲದ ಹೂ ಆದರೂ ನಿಂತ ನೀರು ಆಗದು. ಗೆಡ್ಡೆ ಒಂದು ವಾರ ಕೆಸರಿನಲ್ಲಿ ಕೂತರೆ ಕೊಳೆಯುತ್ತದೆ. ಏರಿ ಮಾಡಿ ನೆಡಬೇಕು, ಇಲ್ಲವೇ ತಳದಲ್ಲಿ ಚೆನ್ನಾಗಿ ತೂತಿರುವ ಕುಂಡದಲ್ಲಿಟ್ಟು ಮಾಡಿನ ಅಂಚಿಗೆ ಸರಿಸಬೇಕು. ಸೂರಿನ ನೀರು ನೇರ ಬೀಳುವ ಗೆರೆಯಲ್ಲಿ ಮಾತ್ರ ಇಡಬೇಡಿ. ಆಸರೆ ಕೋಲನ್ನು ನೆಡುವಾಗಲೇ ಊರಿ. ಆಮೇಲೆ ಚುಚ್ಚಿದರೆ ಗೆಡ್ಡೆಗೇ ಗಾಯ. ಮೂರು ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ. ಗಿಡ ಕುಳ್ಳಾಗಿ ಕವಲೊಡೆಯುತ್ತದೆ, ಗಾಳಿಗೆ ಮುರಿಯುವುದು ಕಡಿಮೆ.

ಗಾತ್ರದ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಊಟದ ತಟ್ಟೆಯಷ್ಟು ದೊಡ್ಡ ಹೂ ಬಿಡುವ ತಳಿಗಳು ಮಳೆನೀರು ಕುಡಿದು ಕತ್ತು ಮುರಿದುಕೊಳ್ಳುತ್ತವೆ. ಚೆಂಡಿನಂಥ ಸಣ್ಣ ಪಾಂಪಾನ್, ಅಂಗೈ ಅಗಲದ ಮಧ್ಯಮ ಗಾತ್ರದವು, ಒಂದೇ ಸುತ್ತು ಪಕಳೆಯವು ನಮ್ಮ ಮಳೆಗೆ ಸರಿ. ಅಜ್ಜಿಯಂದಿರ ಹಿತ್ತಲಲ್ಲಿ ಉಳಿದುಕೊಂಡು ಬಂದದ್ದೂ ಹೆಚ್ಚಾಗಿ ಇವೇ.

ಇನ್ನೊಂದು ಮಾತು. ಡೇರೆಯ ಬೀಜ ನೆಟ್ಟರೆ ತಾಯಿಯಂಥದ್ದು ಬರುವುದಿಲ್ಲ. ಅದರಲ್ಲಿ ಕ್ರೋಮೋಸೋಮುಗಳ ಎಂಟು ಸೆಟ್ ಕಲೆತಿರುತ್ತವೆ, ಪ್ರತಿ ಬೀಜವೂ ಹೊಸ ಲಾಟರಿ. ಹಳೇ ತಳಿ ಹಾಗೇ ಬೇಕಿದ್ದರೆ ಗೆಡ್ಡೆ ಅಥವಾ ಚಿಗುರಿನ ಕಡ್ಡಿಯೇ ಆಗಬೇಕು. ಗೆಡ್ಡೆ ಇಸಕೊಳ್ಳುವಾಗ ಕಾಂಡದ ಬುಡದ ಒಂದು ಚೂರು ಅಂಟಿಕೊಂಡಿದೆಯಾ ನೋಡಿ. ಕಣ್ಣು ಇರುವುದು ಅಲ್ಲಿ. ಬರೀ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯದು. ಎಲೆಯಲ್ಲಿ ಹಳದಿ ಗೆರೆ, ಸುರುಟು ಇರುವ ಗಿಡದಿಂದ ತರಬೇಡಿ, ವೈರಸ್ ಗೆಡ್ಡೆಯೊಂದಿಗೇ ಬರುತ್ತದೆ.

ಕಾಟ ಕೊಡುವವರು ಇಬ್ಬರು. ಎಳೆ ಚಿಗುರಿಗೆ ಬಸವನಹುಳು. ದೊಡ್ಡ ಆಫ್ರಿಕನ್ ಬಸವನಹುಳುವಿನ ಕಾಟ ಶನಿವಾರಸಂತೆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ. ಗೆಡ್ಡೆಗೆ ಕಾಡುಹಂದಿ, ಮುಳ್ಳುಹಂದಿ. ಕಾಡಂಚಿನ ಮನೆಯಾದರೆ ಕುಂಡವೇ ಗತಿ.

ಖರ್ಚು: ಗೆಡ್ಡೆಗೆ ಕಾಸಿಲ್ಲ, ಕೋಲಿಗೆ ಬಿದಿರು ಇದೆ. ಸಮಯ ಮಾತ್ರ ಕೇಳುತ್ತದೆ, ಮೇನಿಂದ ಸೆಪ್ಟೆಂಬರ್‌ವರೆಗೆ ದಿನಾ ಒಂದಿಷ್ಟು. ಮಳೆಗಾಲ ಕಳೆಯಲು ಬೆಂಗಳೂರಿನ ಮಗನ ಮನೆಗೆ ಹೋಗುವವರಿಗೆ ಇದು ಆಗದ ಮಾತು.

ಹೈಡ್ರೇಂಜಿಯಾ: ಸೋಮಾರಿಗಳಿಗೆ ಮೊದಲ ಬಹುಮಾನ

ಸಲಹೆ ಕೇಳುವವರಲ್ಲಿ ಅರ್ಧ ಜನಕ್ಕೆ ನಾನು ಕೊನೆಗೆ ಹೇಳುವುದು ಇದನ್ನೇ. ಜಪಾನಿನ ಗಿಡ. 1789ರಲ್ಲಿ ಜೋಸೆಫ್ ಬ್ಯಾಂಕ್ಸ್ ಇದನ್ನು ಲಂಡನ್ನಿನ ಕ್ಯೂ ತೋಟಕ್ಕೆ ತಂದರು. ಡೇರೆ ಮ್ಯಾಡ್ರಿಡ್‌ಗೆ ಬಂದ ವರ್ಷವೇ. ನೆರಳು ಬೇಕು, ತಂಪು ಬೇಕು, ಹುಳಿ ಮಣ್ಣು ಬೇಕು, ನೀರು ಬೇಕು. ಮಡಿಕೇರಿ ಮನೆಯ ಉತ್ತರ ಗೋಡೆಯ ಪಕ್ಕದಲ್ಲಿ ಇರುವುದೂ ಇಷ್ಟೇ, ಅಲ್ವಾ?

ಹೂವಿನ ಬಣ್ಣ ಮಣ್ಣಿನ ಮೇಲೆ ನಿಂತಿದೆ. ಮಣ್ಣು ಹುಳಿಯಾಗಿದ್ದರೆ ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. ಅದು ಹೂವಿನ ಬಣ್ಣದ ಜೊತೆ ಸೇರಿ ನೀಲಿಯಾಗುತ್ತದೆ. ಸುಣ್ಣದ ಅಂಶ ಜಾಸ್ತಿಯಿದ್ದರೆ ಗುಲಾಬಿ ಬಣ್ಣ. ನಮ್ಮ ಕೆಂಪು ಮಣ್ಣಿನಲ್ಲಿ ಏನೂ ಮಾಡದಿದ್ದರೂ ನೀಲಿ ಬರುವುದು ಇದೇ ಕಾರಣಕ್ಕೆ. ಒಂದೇ ಸಾಲಿನ ಗಿಡಗಳಲ್ಲಿ ಸಿಮೆಂಟ್ ಗೋಡೆಯ ಪಕ್ಕದ್ದು ಮಾತ್ರ ನಸುಗೆಂಪಾದರೆ ಗಿಡ ಬೇರೆ ಅಂದುಕೊಳ್ಳಬೇಡಿ, ಗೋಡೆಯ ಸುಣ್ಣ ಇಳಿದಿದೆ. ನೀಲಿಯೇ ಬೇಕಿದ್ದರೆ ಕಾಫಿಗೆ ಸುಣ್ಣ ಹಾಕುವಾಗ ಆ ಕಡೆ ಬೀಳದಂತೆ ನೋಡಿಕೊಳ್ಳಿ.

ನಾವು ಪಕಳೆ ಅನ್ನುವುದು ನಿಜವಾಗಿ ಹೊರದಳ. ಅದಕ್ಕೇ ಅಷ್ಟು ಬಾಳಿಕೆ. ಏಪ್ರಿಲ್-ಮೇ ಹೊತ್ತಿಗೆ ಶುರುವಾದ ಗೊಂಚಲು ಮಳೆಗಾಲವಿಡೀ ನಿಂತು, ಆಮೇಲೆ ಮೆಲ್ಲಗೆ ಹಸಿರಿಗೆ ತಿರುಗುತ್ತದೆ. ಜೋರು ಮಳೆಗೆ ತಲೆ ಬಾಗುತ್ತದೆ, ಅಷ್ಟೇ. ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೆ ಸುಲಭವಾಗಿ ಬೇರು ಬಿಡುತ್ತದೆ. ಹತ್ತು ಗಿಡಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ತಪ್ಪುವುದು ಎರಡು ಕಡೆ. ಫೆಬ್ರವರಿಯಿಂದ ಹೂಮಳೆಯವರೆಗೆ ನೀರು ಕೊಡದಿದ್ದರೆ ಎಲೆ ಜೋತುಬಿದ್ದು ಮೊಗ್ಗು ಸುಡುತ್ತದೆ. ಇನ್ನೊಂದು ಸವರುವಿಕೆ. ಮುಂದಿನ ವರ್ಷದ ಮೊಗ್ಗು ಈ ವರ್ಷದ ಕಡ್ಡಿಯ ತುದಿಯಲ್ಲೇ ಕೂತಿರುತ್ತದೆ. ಜನವರಿಯಲ್ಲಿ ಅಂಗಳ ಚೊಕ್ಕ ಮಾಡಲು ಬಂದವರು ಕತ್ತಿಯಲ್ಲಿ ಎಲ್ಲ ಒಂದೇ ಸಮ ಕಡಿದರೆ ಆ ವರ್ಷ ಬರೀ ಎಲೆ. ಹೂ ಮುಗಿದ ಕೂಡಲೇ ಗೊಂಚಲಿನ ಕೆಳಗೆ ಎರಡು ಜೊತೆ ಎಲೆ ಬಿಟ್ಟು ಕತ್ತರಿಸಿ, ಆಮೇಲೆ ಮುಟ್ಟಬೇಡಿ.

ಕೊರತೆ? ಪರಿಮಳ ಇಲ್ಲ. ಮುಡಿಯಲು ಆಗುವುದಿಲ್ಲ, ದೇವರಿಗೆ ಇಡುವ ರೂಢಿ ಇಲ್ಲ. ಕುಶಾಲನಗರದ ಬಿಸಿಲಿಗೆ ಬಾಡುತ್ತದೆ. ನೋಡಲು ಬಂಗಲೆಯ ಹೂವಾಗಿಯೇ ಉಳಿಯುತ್ತದೆ, ಕೆಲವರಿಗೆ ಅದೇ ಇಷ್ಟ ಆಗುವುದಿಲ್ಲ.

ಮಲ್ಲಿಗೆ, ಸಂಪಿಗೆ, ಪಾರಿಜಾತ

ಮುಡಿಯುವ ಹೂವೇ ಬೇಕು ಅನ್ನುವವರಿಗೆ ಈ ಮೂರು. ದುಂಡು ಮಲ್ಲಿಗೆಗೆ ಪೂರ್ತಿ ಬಿಸಿಲು, ಹೂವಿಗೆ ಮುಂಚೆ ಒಂದಿಷ್ಟು ಒಣ ಹವೆ ಬೇಕು. ಪೂರ್ವ ಕೊಡಗಿನಲ್ಲಿ ಬಿಡುತ್ತದೆ, ಮಡಿಕೇರಿಯಲ್ಲಿ ಆಸೆ ತೋರಿಸಿ ಸುಮ್ಮನಾಗುತ್ತದೆ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳಿಗೆ ಭೌಗೋಳಿಕ ಗುರುತು ಸಿಕ್ಕಿರುವುದು ಸುಮ್ನೆ ಅಲ್ಲ, ಆ ಊರಿನ ಹವೆಯೂ ಆ ಹೂವಿನ ಭಾಗ. ಮಧ್ಯ ಕೊಡಗಿನವರು ಜಾಜಿ ನೋಡಬಹುದು, ಜೂನ್ ನಂತರವೂ ಬಿಡುತ್ತದೆ. ಕಾಕಡ ಎಲ್ಲಕ್ಕಿಂತ ಗಟ್ಟಿ, ಆದರೆ ಪರಿಮಳ ಇಲ್ಲವೆಂದೇ ಹೇಳಬೇಕು. ಪರಿಮಳಕ್ಕಾಗಿ ಮಲ್ಲಿಗೆ ನೆಡುವವರಿಗೆ ಅದರಿಂದ ಏನು ಸುಖ?

ಸಂಪಿಗೆ ಪಶ್ಚಿಮಘಟ್ಟದ್ದೇ ಮರ. ಮಳೆಗೆ ಹೆದರುವುದಿಲ್ಲ. ಬೀಜದ ಗಿಡವಾದರೆ ಹೂವಿಗೆ ಏಳೆಂಟು ವರ್ಷ ಕಾಯಬೇಕು. ಕಸಿ ಗಿಡ ಎರಡು ಮೂರು ವರ್ಷಕ್ಕೆ ಬಿಡುತ್ತದೆ. ಇಲ್ಲಿ ಮಾತ್ರ ದುಡ್ಡು ಕೊಟ್ಟು ಕಸಿ ತರುವುದರಲ್ಲಿ ಅರ್ಥವಿದೆ. ಆದರೆ ಇದು ದೊಡ್ಡ ಮರ. ಮಳೆಗಾಲದ ಗಾಳಿಗೆ ಕೊಂಬೆ ಮುರಿಯುತ್ತದೆ. ಹೆಂಚಿನ ಮನೆಯಿಂದ ದೂರ ನೆಡಲು ಜಾಗವಿಲ್ಲದಿದ್ದರೆ ಬೇಡ. ಐದು ಸೆಂಟಿನವರಿಗೆ ಪಾರಿಜಾತ ಸರಿ. ಚಿಕ್ಕ ಮರ, ಸ್ವಲ್ಪ ನೆರಳಾದರೂ ನಡೆಯುತ್ತದೆ, ಮಳೆಗಾಲದ ಕೊನೆಯಲ್ಲಿ ಹೂ. ನೀರು ಬಸಿದು ಹೋಗುವ ಜಾಗ ಇರಲಿ.

ಬೀಜ ಚೆಲ್ಲಿದರೆ ಸಾಕು ಅನ್ನುವವು

ಬಾಡಿಗೆ ಮನೆಯವರಿಗೆ, ಈ ವರ್ಷವೇ ಹೂ ಬೇಕು ಅನ್ನುವವರಿಗೆ ಕರ್ಣಕುಂಡಲ. ನಮ್ಮ ದೇಶದ್ದೇ ಗಿಡ, ಮಳೆ ಅಂದರೆ ಇಷ್ಟ. ಕಾಯಿ ಮುಟ್ಟಿದರೆ ಸಿಡಿದು ಬೀಜ ತಾನೇ ಬಿತ್ತಿಕೊಳ್ಳುತ್ತದೆ. ಒಮ್ಮೆ ಬಂದರೆ ಪ್ರತಿ ಜೂನ್‌ಗೆ ಹಾಜರು. ಸಂಜೆಮಲ್ಲಿಗೆಯೂ ಹಾಗೇ, ಅಮೆರಿಕದಿಂದ ಬಂದದ್ದಾದರೂ ಕೇಳುವುದು ಕಡಿಮೆ. ಅದರ ಕಪ್ಪು ಬೀಜ ವಿಷ, ಮಕ್ಕಳು ಬಾಯಿಗೆ ಹಾಕದಂತೆ ನೋಡಿ. ಜಿನಿಯಾ ಬೇಕಿದ್ದರೆ ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಬಿತ್ತಿ. ಮಳೆಯಲ್ಲಿ ಎಲೆಯೆಲ್ಲ ಚುಕ್ಕೆ.

ಅಂಗಡಿಯ ಬಣ್ಣದ ಪೊಟ್ಟಣದಲ್ಲಿ ಎಫ್-1 (ಮೊದಲ ತಲೆಮಾರಿನ ಮಿಶ್ರತಳಿ) ಎಂದು ಬರೆದಿದ್ದರೆ ಅದು ಹಳೇ ಹೂ ಅಲ್ಲ. ಅದರ ಬೀಜ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಿದರೆ ಅದೇ ಹೂ ಬರುವುದಿಲ್ಲ.

ಜೆರೇನಿಯಂ, ಅಜೇಲಿಯಾ, ಕ್ಯಾಮೆಲಿಯಾಗಳ ಬಗ್ಗೆಯೂ ಕೇಳುತ್ತಾರೆ. ಜೆರೇನಿಯಂ ಮಾಡಿನ ಕೆಳಗೆ ಮಾತ್ರ. ಅಜೇಲಿಯಾಗೆ ನಮ್ಮ ಹುಳಿ ಮಣ್ಣು ಒಪ್ಪುತ್ತದೆ. ಕ್ಯಾಮೆಲಿಯಾ ಚಹಾದ ನೆಂಟ, ಬದುಕುತ್ತದೆ, ಆದರೆ ತೀರಾ ನಿಧಾನ.

ತೋಕ್ ಪೂ: ಇಲ್ಲಿನದೇ, ಆದರೆ ಎಚ್ಚರ

ಇಷ್ಟೆಲ್ಲ ಹೊರಗಿಂದ ಬಂದವುಗಳ ನಡುವೆ ಕೊಡಗಿನ ನಿಜವಾದ ಹಳೇ ಹೂ ಯಾವುದು ಅಂದರೆ ನಾನು ತೋಕ್ ಪೂ ಅನ್ನುತ್ತೇನೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದಿನ ದಿನ ಕೋವಿಯ ನಳಿಗೆಗೆ ಸಿಕ್ಕಿಸುವ ಹೂ ಇದೇ. ಅಗ್ನಿಶಿಖೆ, ಗೌರಿ ಹೂ ಎಂದೂ ಕರೆಯುತ್ತಾರೆ. ಎಲೆಯ ತುದಿಯಲ್ಲೇ ಬಳ್ಳಿ ಸುತ್ತಿಕೊಂಡು ಬೇಲಿ ಹತ್ತುತ್ತದೆ. ಹಳದಿಯಿಂದ ಕೆಂಪಿಗೆ ತಿರುಗುವ ಹೂ. ಮಳೆಗೆ ಬೆಳೆದು, ಹಬ್ಬಕ್ಕೆ ಅರಳಿ, ಬೇಸಿಗೆಯಲ್ಲಿ ನೆಲದೊಳಗೆ ಮಲಗುತ್ತದೆ. ಇಷ್ಟು ಹೊಂದಿಕೆ ಬೇರೆ ಯಾವ ಹೂವಿಗೂ ಇಲ್ಲ.

ಆದರೆ ಗಿಡವಿಡೀ ವಿಷ, ಗೆಡ್ಡೆಯಂತೂ ಪ್ರಾಣಕ್ಕೇ ಅಪಾಯ. ಅದರಲ್ಲಿರುವುದು ಕಾಲ್ಚಿಸಿನ್ ಎಂಬ ವಿಷ. ಗೆಣಸು ಅಂದುಕೊಂಡು ತಿಂದರೆ ಮುಗಿಯಿತು. ತೆವಳುವ ಮಗು, ನೆಲ ಕೆದಕುವ ನಾಯಿ, ಬಿಟ್ಟು ಮೇಯುವ ಹಸು ಇರುವ ಮನೆಗೆ ಬೇಡವೇ ಬೇಡ. ಇಲ್ಲದಿದ್ದರೆ ಹಿಂದಿನ ಬೇಲಿಗೆ, ಕೈಗೆಟುಕದ ಕಡೆ. ಕಾಡಿನಿಂದ ಅಗೆದು ತರುವುದು ಬಿಟ್ಟು ಬೀಜ ಹಾಕಿ. ಹೂವಿಗೆ ಕೆಲವು ವರ್ಷ ಕಾಯಬೇಕಾಗುತ್ತದೆ. ಇದೇ ಮಾತು ಸೀತಾಳೆ ದಂಡೆಗೂ. ಮರದ ಮೇಲಿನ ಆ ಆರ್ಕಿಡ್ ಎಷ್ಟೇ ಆಸೆ ಹುಟ್ಟಿಸಲಿ, ಅರಣ್ಯದಿಂದ ಕಿತ್ತು ತರುವುದು ಅಪರಾಧ. ನಿಮ್ಮದೇ ತೋಟದ ಮರ ಕಡಿಯುವಾಗ ಕೊಂಬೆಯಲ್ಲಿ ಸಿಕ್ಕರೆ ಇನ್ನೊಂದು ಮರಕ್ಕೆ ಕಟ್ಟಿ ಉಳಿಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಭಾಗಮಂಡಲ, ಗಾಳಿಬೀಡು, ಮಡಿಕೇರಿ ಕಡೆ, ನೆರಳಿನ ಮನೆ: ಹೈಡ್ರೇಂಜಿಯಾ ಮುಖ್ಯ, ಮಾಡಿನ ಅಂಚಿಗೆ ಕುಂಡದಲ್ಲಿ ಡೇರೆ, ಬಿಸಿಲು ಬೀಳುವ ಒಂದೇ ಒಂದು ಜಾಗದಲ್ಲಿ ಎಡ್ವರ್ಡ್. ವಿರಾಜಪೇಟೆ, ಪೊನ್ನಂಪೇಟೆ, ಸಿದ್ದಾಪುರ, ಸುಂಟಿಕೊಪ್ಪದವರು ಅದೃಷ್ಟವಂತರು, ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನವು ನಡೆಯುತ್ತವೆ. ಅವರು ಮಳೆಯ ಬದಲು ಸಮಯ ನೋಡಿ ಆರಿಸಲಿ. ಮಳೆಗಾಲದಲ್ಲಿ ಮನೆಯಲ್ಲೇ ಇರುವವರಿಗೆ ಡೇರೆ, ಓಡಾಟ ಜಾಸ್ತಿ ಇರುವವರಿಗೆ ಹೈಡ್ರೇಂಜಿಯಾ ಮತ್ತು ಜಾಜಿ. ಕುಶಾಲನಗರದ ಕಡೆಯವರು ಗುಲಾಬಿ, ದುಂಡು ಮಲ್ಲಿಗೆ, ಪಾರಿಜಾತಕ್ಕೆ ದುಡ್ಡು ಹಾಕಲಿ, ಹೈಡ್ರೇಂಜಿಯಾ ಮರೆತುಬಿಡಲಿ.

ಕೈಯಲ್ಲಿ ದುಡ್ಡಿಲ್ಲದಿದ್ದರೆ ಕರ್ಣಕುಂಡಲದ ಬೀಜ, ಹೈಡ್ರೇಂಜಿಯಾ ಕಡ್ಡಿ, ಡೇರೆ ಗೆಡ್ಡೆ. ಮೂರೂ ಕೇಳಿ ತರುವಂಥವು. ಒಂದು ಸಾವಿರ ರೂಪಾಯಿ ಎತ್ತಿಡಲು ಆಗುವುದಾದರೆ ಅದನ್ನು ಹೊಸ ತಳಿಯ ಗಿಡಕ್ಕೆ ಹಾಕಬೇಡಿ, ಮಣ್ಣು ಏರಿಸಲು, ನೀರು ಬಸಿಯುವ ಕಾಲುವೆ ತೆಗೆಸಲು ಹಾಕಿ. ಜಾಸ್ತಿ ಖರ್ಚು ಮಾಡಬಲ್ಲವರು ಅಂಗಳದ ಒಂದು ಬದಿಗೆ ಪಾರದರ್ಶಕ ಶೀಟಿನ ಸೂರು ಹಾಕಿಸಿದರೆ ಮಡಿಕೇರಿಯಲ್ಲೂ ಹಳೇ ಬೂರ್ಬಾನ್ ಗುಲಾಬಿ ಪ್ರಯತ್ನಿಸಬಹುದು. ಗಾಳಿ ಆಡುವಂತೆ ಬದಿಗಳು ತೆರೆದಿರಲಿ.

ಹೋಂಸ್ಟೇಯವರಿಗೆ ಲೆಕ್ಕ ಬೇರೆ. ಅತಿಥಿಗಳು ಜಾಸ್ತಿ ಬರುವುದು ಏಪ್ರಿಲ್-ಮೇ ರಜೆಗೆ, ಮತ್ತೆ ದಸರಾದಿಂದ ಹೊಸ ವರ್ಷದವರೆಗೆ. ಮೊದಲನೆಯದಕ್ಕೆ ಹೈಡ್ರೇಂಜಿಯಾ ಇದೆ, ಫೆಬ್ರವರಿಯಿಂದ ನೀರು ಕೊಟ್ಟಿದ್ದರೆ. ದಸರಾಕ್ಕೆ ಡೇರೆಯ ಕೊನೆಯ ಹೂಗಳು ಸಿಗಬಹುದು, ಡಿಸೆಂಬರಿಗೆ ಅಕ್ಟೋಬರಿನಲ್ಲಿ ಸವರಿದ ಗುಲಾಬಿ. ಮಕ್ಕಳನ್ನು ಕರೆದುಕೊಂಡು ಬರುವ ಅತಿಥಿಗಳಿರುವ ಕಡೆ ತೋಕ್ ಪೂ ಬೇಡ, ಗಂಟೆಯಂತೆ ಜೋತಾಡುವ ದತ್ತೂರದ ಜಾತಿಯೂ ಬೇಡ.

ಕೇಳಿ ತರುವುದಕ್ಕೂ ಹೊತ್ತು ಉಂಟು. ಹೈಡ್ರೇಂಜಿಯಾ ಕಡ್ಡಿ ಜೂನ್-ಜುಲೈಯಲ್ಲಿ. ಗುಲಾಬಿ ಕಡ್ಡಿ ಅಕ್ಟೋಬರಿನಲ್ಲಿ, ಅವರು ಸವರುವ ದಿನ. ಕರ್ಣಕುಂಡಲದ ಬೀಜ ಸೆಪ್ಟೆಂಬರಿನಲ್ಲಿ, ಕಾಯಿ ಸಿಡಿಯುವ ಮುಂಚೆ. ಡೇರೆ ಮಾತ್ರ ಎರಡು ಸಲ ಹೋಗಬೇಕು. ಆಗಸ್ಟಿನಲ್ಲಿ ಹೂ ನೋಡಿ ಬೇಕಾದ ಗಿಡಕ್ಕೆ ಬಣ್ಣದ ದಾರ ಕಟ್ಟಿ ಬನ್ನಿ. ಗೆಡ್ಡೆಗೆ ಏಪ್ರಿಲ್‌ನಲ್ಲಿ, ಕಣ್ಣು ಕಾಣಿಸಿಕೊಂಡ ಮೇಲೆ ಹೋಗಿ.